ಛಾವಣಿಯ ದುಡ್ಡು, ಮಂಗಟ್ಟೆಯ ಗೋಡೆ

ನೋರ್ಡರ್‌ಸಾಂಡ್ ದ್ವೀಪ
2 ಜೂನ್ 2023

ಮಾನ್ಯ ಖಜಾಂಚಿ ಗೆರ್ವಿನ್ ಹೋಲ್ಟ್‌ಕೋಟರ್ ಅವರಿಗೆ,

2022ರ ಡಿಸೆಂಬರ್ 14ರಂದು ಹಾರ್ಟೆನ್‌ಬ್ರೂಕ್ ಪ್ರಾಣಿ ಉದ್ಯಾನ ಸಂಘದ ಛಾವಣಿ ನಿಧಿಯಿಂದ ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಯೂರೋ ಹೊರಗೆ ಹೋಗಿದೆ. ಸದಸ್ಯರನ್ನು ಕೇಳದೆ ಹೋಗಿದೆ. ದುಡ್ಡು ಕೊಟ್ಟವರಿಗೆ ತಿಳಿಸದೆ ಹೋಗಿದೆ. ನಿನ್ನೆಯ ದೋಣಿಯಲ್ಲಿ ಬಂದ ವಾರ್ಷಿಕ ವರದಿಯ 31ನೇ ಪುಟದಲ್ಲಿ, ಸೀಲುಗಳ ಮೀನಿನ ಖರ್ಚಿಗೂ ಶೌಚಾಲಯದ ದುರಸ್ತಿಗೂ ನಡುವೆ, ಇರುವೆ ಗಾತ್ರದ ಅಕ್ಷರದಲ್ಲಿ 'ನಿಧಿಯ ಮರುವಿನಿಯೋಗ' ಎಂಬ ಒಂದು ಸಾಲು ಇದೆ. ಮೂವತ್ತೆಂಟು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದವಳ ಕಣ್ಣು ಇಂಥ ಸಾಲಿನ ಮೇಲೆಯೇ ಮೊದಲು ಹೋಗಿ ಕೂರುತ್ತದೆ.

ನಿಮ್ಮನ್ನು 'ನೀವು' ಎನ್ನುತ್ತಿದ್ದೇನೆ. 1980ರಲ್ಲಿ ಆರನೇ ತರಗತಿಯ ಕಿಟಕಿ ಪಕ್ಕ ಪೆನ್ಸಿಲು ಕಚ್ಚುತ್ತ ಕೂರುತ್ತಿದ್ದ ಗೆರ್ವಿನ್‌ನನ್ನು ನೀನು ಎಂದೇ ಕರೆದವಳು ನಾನು. ಈ ಪತ್ರ ಅವನಿಗಲ್ಲ, ಖಜಾಂಚಿಗೆ.

ಆ ನಿಧಿಯಲ್ಲಿ ಇದ್ದದ್ದು ಆರು ಲಕ್ಷ ಹನ್ನೆರಡು ಸಾವಿರ. ಬಿಸಿನಾಡಿನ ಪ್ರಾಣಿ-ಹಕ್ಕಿಗಳಿಗಾಗಿ 1908ರಲ್ಲಿ ಕಬ್ಬಿಣ ಮತ್ತು ಗಾಜಿನಿಂದ ಕಟ್ಟಿದ ನಮ್ಮ ಬಿಸಿಮನೆಯ ಛಾವಣಿ ತುಕ್ಕು ತಿಂದು ಗಾಜು ಉದುರಿಸತೊಡಗಿದಾಗ, ಹೊಸ ಛಾವಣಿಗೆಂದೇ ಊರವರು ಒಟ್ಟುಮಾಡಿಕೊಟ್ಟ ದುಡ್ಡು ಅದು. ಐವತ್ತು ಯೂರೋ ಕೊಟ್ಟರೆ ಕಟ್ಟಡಕ್ಕೆ ಒಂದು ಕಲ್ಲು ಕೊಟ್ಟಂತೆ, ಅದರ ಗುರುತಿಗೆ ಒಂದು ಕಲ್ಲುಚೀಟಿ. ಅದಕ್ಕೆ ಕಟ್ಟುಹಾಕಿಸಿ ಅಡುಗೆಮನೆಯ ಗೋಡೆಗೆ ತೂಗುಹಾಕಿಕೊಳ್ಳದ ಮನೆ ನಮ್ಮ ಊರಿನಲ್ಲಿ ಕಡಿಮೆ. ಆ ಚೀಟಿಗಳಲ್ಲಿ ಒಂದು ಸಾವಿರದಷ್ಟನ್ನು ಸೈಕಲ್ಲಿನಲ್ಲಿ ಹೋಗಿ ಮಾರಿದವಳು ನಾನು. ನಾನೂರ ಹನ್ನೆರಡು ಬಾಗಿಲು ತಟ್ಟಿದ್ದೇನೆ. ಪ್ರತಿ ಬಾಗಿಲಲ್ಲೂ ಹೇಳಿದ ಮಾತು ಒಂದೇ: ಈ ದುಡ್ಡು ಛಾವಣಿಗೆ, ಇನ್ನೊಂದಕ್ಕಿಲ್ಲ.

ಕಾಲುವೆ ಬೀದಿಯ ರೋಲ್ಫ್ ಟೀಡೆನ್ ಅವರನ್ನು ನೀವು ಬಲ್ಲಿರಿ. ಅರ್ಧ ತೆರೆದ ಬಾಗಿಲಿನಿಂದ ಮೂಗು ಮಾತ್ರ ಹೊರಗೆ ಹಾಕಿ ಕೇಳಿದ್ದರು:

"ಅಲ್ಲ ಟೀಚರಮ್ಮ, ಇದು ಕೊನೆಗೆ ಮಂಡಳಿಯವರ ಕಾಫಿ-ಬಿಸ್ಕತ್ತಿಗೆ ಹೋಗಲ್ಲ ತಾನೆ?"

"ಹೋದ್ರೆ ನನ್ನ ಕಿವಿ ಹಿಂಡಿ."

"ಹಂಗಾದ್ರೆ ಎರಡು ಕಲ್ಲು ಕೊಡಿ. ಒಂದು ನನಗೆ, ಇನ್ನೊಂದು ಸತ್ತ ನನ್ನ ಹೆಂಡ್ತಿಗೆ. ಅವಳಿಗೆ ಆ ಬಿಸಿಮನೆ ಬೆಚ್ಚಗಿರೋದು ಇಷ್ಟ ಇತ್ತು."

ಶ್ವಾಸಕೋಶದ ಕಾಯಿಲೆಯಿಂದಾಗಿ ಕಳೆದ ವರ್ಷ ನಾನು ಈ ದ್ವೀಪಕ್ಕೆ ಬಂದೆ. ಕಿವಿ ಮಾತ್ರ ಇನ್ನೂ ಟೀಡೆನ್ ಅವರ ಬಾಗಿಲಲ್ಲೇ ಅಡವಿದೆ. ದುಡ್ಡು ಎಲ್ಲಿಗೆ ಹೋಯಿತು? ಯಾರ ಅಪ್ಪಣೆಯಿಂದ ಹೋಯಿತು? ಬರವಣಿಗೆಯಲ್ಲಿ ಉತ್ತರ ಬೇಕು.

ಅಲ್ಮೂಟ್ ವೆಸ್ಸೆಂಡೋರ್ಪ್
ಸದಸ್ಯೆ, 1971ರಿಂದ


ಹಾರ್ಟೆನ್‌ಬ್ರೂಕ್
19 ಜೂನ್ 2023

ಮಾನ್ಯ ಶ್ರೀಮತಿ ವೆಸ್ಸೆಂಡೋರ್ಪ್ ಅವರಿಗೆ,

ತಮ್ಮ ಪತ್ರ ತಲುಪಿದೆ. ತಾವು ಹೇಳಿದ ಮೊತ್ತವನ್ನು ಬಿಸಿಮನೆಯ ನಿರ್ವಹಣೆಗೆ ಸಂಬಂಧಿಸಿದ ತುರ್ತು ಅಗತ್ಯಕ್ಕೆ ಬಳಸಲಾಗಿದೆ. ಸಂಘದ ಆದಾಯದಲ್ಲಿ ಹತ್ತರಲ್ಲಿ ಆರು ಪಾಲು ಪ್ರವೇಶದ ಟಿಕೆಟ್ಟಿನಿಂದ ಬರುತ್ತದೆ. ನಗರಸಭೆಯ ಅನುದಾನವಾದ ಮೂರು ಲಕ್ಷ ಹತ್ತು ಸಾವಿರ 1998ರಿಂದ ಒಂದು ಕಾಸೂ ಏರಿಲ್ಲ. ಮೇವು, ಸಂಬಳ, ವೈದ್ಯರ ಖರ್ಚು ಮಾತ್ರ ಪ್ರತಿ ವರ್ಷ ಏರುತ್ತಿವೆ. ಇದು ತಮಗೆ ತಿಳಿಯದ್ದೇನಲ್ಲ.

ಮರುವಿನಿಯೋಗದ ವಿಷಯವನ್ನು 2023ರ ಮಾರ್ಚ್ 18ರ ಮಹಾಸಭೆಯಲ್ಲಿ, ಏಳನೇ ವಿಷಯವಾಗಿ, ಲೆಕ್ಕಪತ್ರದ ಜೊತೆ ಓದಲಾಯಿತು. ಸಭೆ ಆ ವರ್ಷದ ಲೆಕ್ಕವನ್ನು ಒಪ್ಪಿ, ಮಂಡಳಿಗೆ ಒಮ್ಮತದಿಂದ ಹೊಣೆಮುಕ್ತಿ ನೀಡಿತು. ಹೆಚ್ಚಿನದನ್ನು ಹೇಳುವ ಸ್ವಾತಂತ್ರ್ಯ ಸದ್ಯ ನನಗಿಲ್ಲ.

ತಮ್ಮ ಆರೋಗ್ಯ ಸುಧಾರಿಸಲಿ ಎಂದು ಹಾರೈಸುತ್ತೇನೆ.

ಗೆರ್ವಿನ್ ಹೋಲ್ಟ್‌ಕೋಟರ್
ಗೌರವ ಖಜಾಂಚಿ


ನೋರ್ಡರ್‌ಸಾಂಡ್
28 ಜೂನ್ 2023

ಖಜಾಂಚಿಗಳೇ,

ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ನಾನು ನಿಮಗೆ ಕಲಿಸಿರಲಿಲ್ಲ.

ಆ ಮಹಾಸಭೆಗೆ ನಾನು ಬಂದಿದ್ದೆ. ಬೆಳಗಿನ ಮೊದಲ ದೋಣಿ ಹಿಡಿದು, ಎರಡು ರೈಲು ಬದಲಿಸಿ ಬಂದು, ಮೊದಲ ಸಾಲಿನಲ್ಲೇ ಕೂತಿದ್ದೆ. ಅಂಥ ಮಾತು ಅಲ್ಲಿ ಓದಿದ್ದರೆ ನನ್ನ ಕಿವಿಗೆ ಬೀಳದೆ ಇರುತ್ತಿರಲಿಲ್ಲ. ಮೈಗೆ ಕಾಯಿಲೆ ಬಂದಿದೆಯೇ ಹೊರತು ನೆನಪಿಗೆ ಬಂದಿಲ್ಲ.

ದುಡ್ಡು ಎಲ್ಲಿಗೆ ಹೋಯಿತೆಂದು ಊಹಿಸುವುದು ಕಷ್ಟವಲ್ಲ. ಅದೇ ವಸಂತದಲ್ಲಿ ಮುಖ್ಯದ್ವಾರದ ಹತ್ತಿರ ಹೊಸ ಉಪಾಹಾರ ಗೃಹ ತೆರೆಯಿತಲ್ಲ, ಓಕ್ ಮರದ ಮೇಜು, ತೂಗುದೀಪ ಎಲ್ಲ ಇರುವುದು? ದ್ವೀಪಕ್ಕೆ ಬಂದಿದ್ದ ಬೇಕರಿಯ ಹಿಲ್ಕೆ ಹೇಳಿದಳು: "ಟೀಚರ್, ಅಲ್ಲಿ ಒಂದು ತುಂಡು ಕೇಕಿಗೆ ನಾಲ್ಕೂವರೆ ಯೂರೋ. ನಮ್ಮ ಕಲ್ಲೆಲ್ಲ ಆ ಕೇಕಿನ ಒಳಗೇ ಇದೆ ಅಂತ ಜನ ಆಡ್ಕೊಳ್ತಿದ್ದಾರೆ. ಅದಕ್ಕೇ ಅಷ್ಟು ಗಟ್ಟಿ ಅಂತೆ." ನಾನು ನಗಲಿಲ್ಲ. ಅವಳಿಗೆ ಮೂರು ಕಲ್ಲು ಮಾರಿದವಳೂ ನಾನೇ.

1963ರ ಫೆಬ್ರವರಿ ಇನ್ನೂ ನನ್ನ ಕಣ್ಣಮುಂದಿದೆ. ನನಗೆ ಆಗ ಹತ್ತು ವರ್ಷ. ಕಾಲುವೆ ತಳದವರೆಗೂ ಹೆಪ್ಪುಗಟ್ಟಿ ಕಲ್ಲಿದ್ದಲಿನ ದೋಣಿಗಳು ಬರುವುದು ನಿಂತಿತು. ಬಿಸಿಮನೆಯಲ್ಲಿ ಉಳಿದದ್ದು ಎರಡು ದಿನದ ಕಲ್ಲಿದ್ದಲು. ಪ್ರತಿ ಮಗುವೂ ಮನೆಯಿಂದ ಒಲೆಗೆ ಹಾಕುವ ಒಂದು ಇದ್ದಿಲಿಟ್ಟಿಗೆ ತರಬೇಕೆಂದು ಶಾಲೆಯಲ್ಲಿ ಹೇಳಿದರು. ಅಮ್ಮ ಅದನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿ ನನ್ನ ಚೀಲದಲ್ಲಿಟ್ಟಳು. ನಮ್ಮ ಮನೆಯ ಒಲೆಗೂ ಆವತ್ತು ಉಳಿದಿದ್ದದ್ದು ಮೂರೇ. ಉದ್ಯಾನದ ಗೇಟಿನಿಂದ ಸೇತುವೆಯವರೆಗೆ ಸಾಲು. ಮುದುಕರು, ನನ್ನಂಥ ಮಕ್ಕಳು, ಹಿಮಬಂಡಿ ಎಳೆಯುವ ನನ್ನ ಅಪ್ಪ, ಸಾಲಿನ ನಡುವೆ ಕೈಯಲ್ಲಿ ಇದ್ದಿಲಿಟ್ಟಿಗೆ ಹಿಡಿದು ನಿಂತ ಮೇಯರ್. ಒಬ್ಬೊಬ್ಬರೇ ಒಳಗೆ ಹೋಗಿ ಒಲೆಯ ಮುಂದೆ ಇಟ್ಟು ಬರಬೇಕು. ಒಳಗೆ ಕಾಲಿಟ್ಟಾಗ ಹೊರಗಿನ ಚಳಿ ಮರೆತುಹೋಯಿತು. ತಲೆಯ ಮೇಲೆ ಎಲೆಗಳು, ಎಲೆಗಳ ಮೇಲೆ ಗಾಜು, ಗಾಜಿನ ಮೇಲೆ ಅರ್ಧ ಮೀಟರು ಹಿಮ. ಆ ಹಿಮದ ಕೆಳಗೆ ಒಂದು ಹಳದಿ ಹಕ್ಕಿ ಸ್ನಾನ ಮಾಡುತ್ತಿತ್ತು. ಅದಕ್ಕಿಂತ ದೊಡ್ಡ ಸಂಗತಿಯನ್ನು ನಾನು ಬದುಕಿನಲ್ಲಿ ಕಂಡಿಲ್ಲ. ನಾನು ಭೂಗೋಳದ ಟೀಚರ್ ಆದದ್ದು ಅದರಿಂದಲೇ.

ಆ ಮನೆಯ ದುಡ್ಡಿನಲ್ಲಿ ನೀವು ಕೇಕು ಮಾಡಿದ್ದೀರಿ. ಸಭೆಯ ನಡಾವಳಿಯ ಪ್ರತಿ ಕಳಿಸಿ.

ಅಲ್ಮೂಟ್ ವೆಸ್ಸೆಂಡೋರ್ಪ್


ನೋರ್ಡರ್‌ಸಾಂಡ್
4 ಸೆಪ್ಟೆಂಬರ್ 2023

ಖಜಾಂಚಿಗಳೇ,

ಅರವತ್ತೆಂಟು ದಿನ ಕಳೆದವು. ಪ್ರವಾಸಿಗರು ಮರಳಿದರು, ಬಾತುಗಳು ಬಂದವು, ನಿಮ್ಮ ಉತ್ತರ ಬಂದಿಲ್ಲ. ಕಳ್ಳ ಮೌನವಾಗಿರುತ್ತಾನೆ, ಪ್ರಾಮಾಣಿಕ ವಾದಿಸುತ್ತಾನೆ ಎಂದು ನಂಬಿದ್ದವಳು ನಾನು. ನೀವು ಮೌನವಾಗಿದ್ದೀರಿ.

ಅಕ್ಟೋಬರ್ ಮುಗಿಯುವುದರೊಳಗೆ ಉತ್ತರ ಬರದಿದ್ದರೆ ಊರಿನ ಪತ್ರಿಕೆಗೆ ಬರೆಯುತ್ತೇನೆ. ಶೀರ್ಷಿಕೆ ಈಗಲೇ ಸಿದ್ಧವಿದೆ: 'ನಮ್ಮ ಕಲ್ಲುಗಳನ್ನು ಯಾರು ತಿಂದರು?'

ಅ. ವೆ.


ಹಾರ್ಟೆನ್‌ಬ್ರೂಕ್
30 ಅಕ್ಟೋಬರ್ 2023

ಟೀಚರ್,

ಕ್ಷಮಿಸಿ, ಹೀಗೇ ಕರೆಯುತ್ತೇನೆ. 'ಮಾನ್ಯ ಶ್ರೀಮತಿ' ಎಂದು ಬರೆಯಲು ಕೂತಾಗಲೆಲ್ಲ ಕಾಗದ ಹರಿದು ಹಾಕಿದ್ದೇನೆ. ನಿಮಗೆ ಮೂರು ಪತ್ರ ಬರೆದೆ, ಮೂರನ್ನೂ ಕಳಿಸಲಿಲ್ಲ.

ಉಪಾಹಾರ ಗೃಹ ಲಾಟರಿ ಪ್ರತಿಷ್ಠಾನದ ಕೊಡುಗೆ. ಅದಕ್ಕೆ ನಮ್ಮದು ಒಂದು ಕಾಸೂ ಹೋಗಿಲ್ಲ. ರಸೀದಿಗಳು ಈ ಪತ್ರದ ಜೊತೆಗಿವೆ. ಕೇಕು ಗಟ್ಟಿಯಿರುವುದು ನಿಜ.

ಛಾವಣಿಯ ದುಡ್ಡು ಬೆಂಕಿಗೆ ಹೋಯಿತು. ಬಿಸಿಮನೆಯನ್ನು ಕಾಯಿಸುವ ಗ್ಯಾಸಿಗೆ ಹೋಯಿತು.

ಕಳೆದ ಚಳಿಗಾಲ ನಮ್ಮ ಗ್ಯಾಸಿನ ಹಳೆಯ ಒಪ್ಪಂದ ಡಿಸೆಂಬರಿಗೆ ಮುಗಿಯುತ್ತಿತ್ತು. ಜನವರಿಯಿಂದ ಹೊಸ ದರ, ಐದು ಪಟ್ಟು. ಬಿಸಿಮನೆಯನ್ನು ಮುಚ್ಚುವುದೆಂದು ಮಂಡಳಿ ಹೆಚ್ಚುಕಡಿಮೆ ತೀರ್ಮಾನಿಸಿತ್ತು. ಅಲ್ಲಿನ ಪ್ರಾಣಿಗಳನ್ನು ಬೇರೆ ಊರಿನ ಮೂರು ಉದ್ಯಾನಗಳು ಇಟ್ಟುಕೊಳ್ಳಲು ಒಪ್ಪಿದ್ದವು. ಲಾರಿ ಗೊತ್ತುಮಾಡಿದ್ದವನು ನಾನೇ.

ಆಗ ಉಬ್ಬೋ ಬಂದ. ಬಿಸಿಮನೆಯ ಹಕ್ಕಿಗಳನ್ನು ನೋಡಿಕೊಳ್ಳುವ ಉಬ್ಬೋ ನಿಮಗೆ ಗೊತ್ತು. ಕಚೇರಿಯ ಬಾಗಿಲಲ್ಲೇ ನಿಂತು, ಬೂಟಿನ ಮಣ್ಣು ಒಳಗೆ ಬರಬಾರದೆಂದು, ಅಲ್ಲಿಂದಲೇ ಹೇಳಿದ:

"ಲಾರಿ ಬೇಡ ಸಾರ್. ಮಾರ್ಗಾ ಬಾಗಿಲು ಹಾಕ್ಕೊಂಡಳು."

ಮಾರ್ಗಾ ನಮ್ಮ ಹೆಣ್ಣು ಮಂಗಟ್ಟೆ, ದೊಡ್ಡ ಕೊಕ್ಕಿನ ಕಾಡುಹಕ್ಕಿ. ಗಂಡಿಗೆ ಜನ ಇಟ್ಟ ಹೆಸರು ಕಪ್ತಾನ. ಹನ್ನೊಂದು ವರ್ಷ ಜೋಡಿಯಾಗಿದ್ದರೂ ಮೊಟ್ಟೆ ಇಟ್ಟಿರಲಿಲ್ಲ. ಗೋಡೆಗೆ ಐದು ಮೀಟರ್ ಎತ್ತರದಲ್ಲಿ ಕಟ್ಟಿದ್ದ ಹಳೆಯ ಮರದ ಪೀಪಾಯಿಯೊಳಗೆ ನವೆಂಬರ್ 27ರಂದು ಮೊಟ್ಟೆಯಿಡಲು ಹೊಕ್ಕು, ಅದರ ಬಾಯಿಗೆ ಒಳಗಿನಿಂದ ಮಣ್ಣು ಮೆತ್ತಿ ಮುಚ್ಚಿಕೊಂಡಿದ್ದಳು.

"ಪೀಪಾಯಿ ಸಮೇತ ಸಾಗಿಸೋಣ," ಎಂದೆ. ಉಬ್ಬೋ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ.

"ಒಂದ್ಸಲ ಮೇಲೆ ಹತ್ತಿ ನೋಡಿ. ಆಮೇಲೆ ನೀವು ಹೇಳಿದ ಹಾಗೆ."

ಏಣಿ ಹತ್ತಿದೆ, ಟೀಚರ್. ಮುಚ್ಚಲೇಬೇಕೆಂದು ಗಟ್ಟಿ ಮನಸ್ಸು ಮಾಡಿ ಹತ್ತಿದೆ. ಗೋಡೆ ಸಿಮೆಂಟಿನಂತೆ ಬಿಗಿದಿತ್ತು. ನಡುವೆ ಒಂದು ಸೀಳು, ಎರಡು ಬೆರಳಿನ ಅಗಲ, ಅಷ್ಟೇ. ಪೀಪಾಯಿಗೆ ಕಿವಿ ಇಟ್ಟೆ. ಒಳಗಿನಿಂದ ತಟ್ ತಟ್ ತಟ್ ಎಂದು, ಗಾರೆಯವನು ಕರಣೆಯಲ್ಲಿ ತಟ್ಟಿ ಸಮಮಾಡುವ ಸದ್ದು. ಅವಳು ಒಳಗೆ ಕೂತು ಕೊಕ್ಕಿನ ಪಕ್ಕದಿಂದ ತನ್ನ ಗೋಡೆಯನ್ನು ಇನ್ನೂ ಗಟ್ಟಿಮಾಡುತ್ತಿದ್ದಳು.

ಅಷ್ಟರಲ್ಲಿ ತಲೆಯ ಮೇಲೆ ಉಗಿಬಂಡಿ ಹೋದಂಥ ಸದ್ದು. ಕಪ್ತಾನ ಬಂದು ನನ್ನಿಂದ ಒಂದು ತೋಳಳತೆಯಲ್ಲಿ ಕೂತ. ಕೆಂಪು ಕಣ್ಣಿನಿಂದ ನನ್ನನ್ನು ಒಮ್ಮೆ ನೋಡಿ ಲೆಕ್ಕಕ್ಕೇ ಇಡಲಿಲ್ಲ. ಗಂಟಲಿನಿಂದ ಒಂದು ದ್ರಾಕ್ಷಿ ಮೇಲೆ ತಂದು, ಅಷ್ಟು ದೊಡ್ಡ ಕೊಕ್ಕಿನ ತುದಿಯಲ್ಲಿ ಹಿಡಿದು, ಸೀಳಿನ ಮುಂದೆ ಚಾಚಿದ. ಒಳಗಿನಿಂದ ಇನ್ನೊಂದು ಕೊಕ್ಕಿನ ತುದಿ ಬಂತು. ದ್ರಾಕ್ಷಿ ಒಳಗೆ ಹೋಯಿತು. ಇನ್ನೊಂದು. ಮತ್ತೊಂದು. ನಾನು ಮೂವತ್ತೇಳರವರೆಗೆ ಎಣಿಸಿದೆ. ಒಂದೂ ಕೆಳಗೆ ಬೀಳಲಿಲ್ಲ.

"ರೆಕ್ಕೆಗರಿ ಎಲ್ಲ ಒಳಗೇ ಉದುರಿಸ್ತಾಳೆ," ಎಂದ ಉಬ್ಬೋ ಕೆಳಗಿನಿಂದ. "ನಾಲ್ಕು ತಿಂಗಳು ಹಾರೋಕಾಗಲ್ಲ. ಅವನು ತಂದ್ರೆ ಊಟ, ಇಲ್ಲಾಂದ್ರೆ ಇಲ್ಲ. ಗೋಡೆ ಒಡೆದ್ರೆ ಮೊಟ್ಟೆ ಬಿಟ್ಟುಬಿಡ್ತಾಳೆ. ಮನೆ ತಣ್ಣಗಾದ್ರೂ ಅಷ್ಟೇ."

ಬ್ಯಾಂಕಿನಲ್ಲಿ ಮೂವತ್ತು ವರ್ಷ ಸಾಲ ಕೊಟ್ಟವನು ನಾನು. ಮನುಷ್ಯರು ಒಬ್ಬರಿಗೊಬ್ಬರು ಕೊಡುವ ಜಾಮೀನುಗಳನ್ನೆಲ್ಲ ಓದಿದ್ದೇನೆ. ಇಂಥ ಜಾಮೀನು ಕಂಡಿರಲಿಲ್ಲ. ಏಣಿಯಿಂದ ಇಳಿದು, ಕಚೇರಿಗೆ ಹೋಗಿ, ಲಾರಿ ಬೇಡವೆಂದು ತಿಳಿಸಿದೆ.

ಹಲವು ಬಾಗಿಲು ತಟ್ಟಿದೆವು. ಯಾವುದೂ ತೆರೆಯಲಿಲ್ಲ. ಡಿಸೆಂಬರ್ 14ರಂದು ನಿಧಿಯಿಂದ ದುಡ್ಡು ತೆಗೆದು ನಾಲ್ಕು ತಿಂಗಳು ಬಿಸಿಮನೆಯನ್ನು ಇಪ್ಪತ್ತನಾಲ್ಕು ಡಿಗ್ರಿಯಲ್ಲಿ ಇಟ್ಟೆ. ಮಾರ್ಚ್ ಕೊನೆಗೆ ಮಾರ್ಗಾ ಗೋಡೆ ಒಡೆದು ಹೊರಗೆ ಬಂದಳು. ಮರಿ ಇನ್ನೂ ಒಳಗೇ ಇತ್ತು. ಮುಂದಿನದನ್ನು ಉಬ್ಬೋ ಬಾಯಿಂದಲೇ ಕೇಳಿ. ನಾನು ಹೇಳಿದರೆ ನಂಬಲಾರಿರಿ.

ಪತ್ರಿಕೆಗೆ ಬರೆಯುವುದಾದರೆ ಬರೆಯಿರಿ. ತಪ್ಪು ನನ್ನದು. ಮೊದಲು ಒಮ್ಮೆ ಬಂದು ನೋಡಿ.

ಗೆರ್ವಿನ್


ನೋರ್ಡರ್‌ಸಾಂಡ್
21 ನವೆಂಬರ್ 2023

ಗೆರ್ವಿನ್,

ಬಂದು ನೋಡಿದೆ. ನಿನಗೆ ತಿಳಿಸಲಿಲ್ಲ. ಟಿಕೆಟ್ಟು ಕೊಂಡು, ಎಲ್ಲರ ಹಾಗೆ ಒಳಗೆ ಹೋದೆ.

ಬಿಸಿಮನೆಯ ಛಾವಣಿಯ ಕೆಳಗೆ ಬಲೆ ಕಟ್ಟಿದ್ದೀರಿ. ಅದರಲ್ಲಿ ಉದುರಿದ ಗಾಜಿನ ಚೂರುಗಳು ಮಿಂಚುತ್ತಿದ್ದವು. ಮೊದಲು ಸಿಟ್ಟು ಬಂತು. ಇಲ್ಲಿ ಹೊಸ ಗಾಜು ಇರಬೇಕಿತ್ತು ಎಂದುಕೊಂಡೆ. ಹಾಗೆ ಸಿಟ್ಟಿನಲ್ಲೇ ನಿಂತಿದ್ದಾಗ ಉಬ್ಬೋ ಬಕೆಟ್ಟಿನಲ್ಲಿ ಒದ್ದೆ ಮಣ್ಣು ಹಿಡಿದು ಬಂದ.

"ಬನ್ನಿ ಟೀಚರ್. ಸರಿಯಾದ ದಿನ ಬಂದಿದೀರಿ. ಮತ್ತೆ ಶುರು ಹಚ್ಚಿದಾಳೆ."

"ಗ್ಯಾಸು?"

"ಈ ಸಲ ದರ ಇಳಿದಿದೆಯಂತೆ. ಅದು ನಿಮ್ಮ ಶಿಷ್ಯನ ತಲೆನೋವು. ನನ್ನ ತಲೆನೋವು ಮಣ್ಣು. ಬಟಾಣಿ ಸೂಪಿನಷ್ಟು ಮಂದ ಇರ್ಬೇಕು. ತೆಳ್ಳಗಾದ್ರೆ ನನ್ನ ಮುಖಕ್ಕೇ ಎಸೀತಾಳೆ."

ಮಾರ್ಗಾ ಪೀಪಾಯಿಯ ಬಾಯಲ್ಲಿ ಕೂತಿದ್ದಳು. ಬಾಯಿ ಆಗಲೇ ಅರ್ಧ ಮುಚ್ಚಿತ್ತು. ಕಪ್ತಾನ ಮಣ್ಣಿನ ಉಂಡೆ ತಂದು ಕೊಟ್ಟ. ಅವಳು ತೆಗೆದುಕೊಂಡಳು, ಹಚ್ಚಿದಳು, ತಟ್ಟಿದಳು, ತಲೆ ವಾರೆಮಾಡಿ ನೋಡಿದಳು, ಮತ್ತೆ ತಟ್ಟಿದಳು. ಆಮೇಲೆ ಇನ್ನು ಹೊಕ್ಕರೆ ಹೊರಬರಲಾಗದಷ್ಟು ಸಣ್ಣ ಸಂದಿಯಲ್ಲಿ ಭುಜ ತುರುಕಿ, ರೆಕ್ಕೆ ಮಡಚಿ, ಒಳಗೆ ಜಾರಿದಳು. ಒಂದು ಕ್ಷಣ ಅವಳ ಬಿಳಿಗಣ್ಣು ಸೀಳಿನಲ್ಲಿ ಕಂಡಿತು. ಮರುಕ್ಷಣ ಒಳಗಿನಿಂದ ತಟ್ ತಟ್ ಶುರುವಾಯಿತು. ಸುತ್ತ ಶಾಲೆಯ ಮಕ್ಕಳಿದ್ದರು. ಒಂದೂ ಮಾತಾಡಲಿಲ್ಲ. ಮೂವತ್ತೆಂಟು ವರ್ಷದಲ್ಲಿ ನನಗೆ ಒಮ್ಮೆಯೂ ಸಿಗದ ಮೌನ ಅದು.

"ಮರಿಯ ಕತೆ ಹೇಳು," ಎಂದೆ ಉಬ್ಬೋಗೆ.

ಅವನು ಬಕೆಟ್ಟು ಕೆಳಗಿಟ್ಟ. "ಅವಳು ಹೊರಗೆ ಬಂದಾಗ ಗೋಡೆ ಪೂರ್ತಿ ಒಡೆದುಹೋಗಿತ್ತಾ? ನಾನು ಅಯ್ಯೋ ಮರಿ ಬಿದ್ದೀತು ಅಂತ ಏಣಿ ಹಾಕ್ದೆ. ಇಣುಕಿದ್ರೆ, ಅರ್ಧ ಗರಿ ಬಂದ ಮರಿ, ಕೊಕ್ಕಲ್ಲಿ ಒಡೆದ ಮಣ್ಣು ಎತ್ತಿ ಎತ್ತಿ ಬಾಗಿಲಿಗೆ ಮೆತ್ತುತಾ ಇದೆ. ಒಳಗಿನಿಂದ. ಬಾಗಿಲು ಅಂದ್ರೇನು ಅಂತ ಅದು ಯಾವತ್ತು ನೋಡಿತ್ತು ಹೇಳಿ? ಸಂಜೆ ಹೊತ್ತಿಗೆ ಸೀಳು ಬಿಟ್ಟು ಪೂರ್ತಿ ಮುಚ್ಕೊಂಡಿತ್ತು. ಇನ್ನೊಂದು ತಿಂಗಳು ಹೊರಗೆ ಬರ್ಲಿಲ್ಲ. ಅಪ್ಪ-ಅಮ್ಮ ಇಬ್ರೂ ತಂದು ತಿನ್ನಿಸಿದ್ರು." ಬಕೆಟ್ಟು ಮತ್ತೆ ಎತ್ತಿಕೊಂಡು ಹೇಳಿದ: "ನಲವತ್ತು ವರ್ಷದಿಂದ ಇಲ್ಲೇ ಇದ್ದೀನಿ. ಅವತ್ತು ಏಣಿ ಮೇಲೆ ಟೋಪಿ ತೆಗೆದೆ."

ಆ ಮರಿಯನ್ನು ಪಕ್ಕದ ಗೂಡಿನಲ್ಲಿ ನೋಡಿದೆ. ಈಗ ತಾಯಿಯಷ್ಟೇ ಎತ್ತರ. ಒಂದು ಅಂಜೂರ ಎತ್ತಿ ಕೊಕ್ಕಿನ ತುದಿಯಲ್ಲಿ ಉರುಳಿಸಿ ನನ್ನ ಕಡೆ ಚಾಚಿತು, ಬೇಕೇ ಎನ್ನುವ ಹಾಗೆ. ನಾನು ಅಲ್ಲಿಯೇ ಬೆಂಚಿನ ಮೇಲೆ ಕೂತುಬಿಟ್ಟೆ. ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಯೂರೋ ನನ್ನ ಮುಂದೆ ಕೂತು ರೆಪ್ಪೆ ಬಡಿಯುತ್ತಿತ್ತು.

ಆದರೂ ನಿನ್ನನ್ನು ಬಿಡುವುದಿಲ್ಲ. ಕೇಕಿನ ಮಾತು ಹಿಂತೆಗೆದುಕೊಂಡೆ. ಉಳಿದ ಪ್ರಶ್ನೆ ಹಾಗೇ ಇದೆ. ಇದನ್ನು ಯಾಕೆ ಮುಚ್ಚಿಟ್ಟೆ? ಈ ಹಕ್ಕಿಯನ್ನು ತೋರಿಸಿ ಕೇಳಿದ್ದರೆ ಊರಿಗೆ ಊರೇ ಮತ್ತೆ ಸಾಲು ನಿಲ್ಲುತ್ತಿತ್ತು. 'ಹಲವು ಬಾಗಿಲು' ಎಂದೆಯಲ್ಲ, ಯಾವ ಬಾಗಿಲು? ನನ್ನ ಆರನೇ ತರಗತಿಯಲ್ಲಿ 'ಹಲವು' ಎಂದು ಬರೆದವರಿಗೆ ಅಂಕ ಇರಲಿಲ್ಲ.

ಅಲ್ಮೂಟ್ ಟೀಚರ್


ಹಾರ್ಟೆನ್‌ಬ್ರೂಕ್
8 ಜನವರಿ 2024

ಟೀಚರ್,

ಒಂದೇ ಬಾಗಿಲು. ನಗರಸಭೆಯದು.

2022ರ ಡಿಸೆಂಬರ್ 1ರಂದು ಬರೆದೆವು. ದುಡ್ಡು ಕೇಳಲಿಲ್ಲ, ಬ್ಯಾಂಕಿನ ಸಾಲಕ್ಕೆ ಜಾಮೀನು ನಿಲ್ಲಿ ಎಂದಷ್ಟೇ ಕೇಳಿದೆವು. ಡಿಸೆಂಬರ್ 9ರಂದು ಉತ್ತರ ಬಂತು. ಪ್ರತಿ ಇದರ ಜೊತೆಗಿದೆ. ಕೊನೆಯ ಎರಡು ಸಾಲು ಓದಿ: 'ಬಿಸಿಮನೆಯನ್ನು ಮುಚ್ಚುವುದೇ ಮಿತವ್ಯಯದ ದಾರಿ. ಮುಂದಿನ ವರ್ಷದ ಅನುದಾನದ ಮಾತುಕತೆ ನಡೆಯುತ್ತಿರುವುದರಿಂದ ಈ ಪತ್ರವನ್ನು ಸದಸ್ಯರ ಮುಂದೆ ಇಡದಿರುವುದು ಸಂಘಕ್ಕೇ ಒಳಿತು.'

ಮೂರು ಲಕ್ಷ ಹತ್ತು ಸಾವಿರ ನಿಂತರೆ ಉದ್ಯಾನವೇ ನಿಲ್ಲುತ್ತದೆ. ಹೆದರಿದೆ. ಬಾಯಿ ಮುಚ್ಚಿಕೊಂಡೆ.

ಇನ್ನೊಂದು ಮಾತು. ಮಹಾಸಭೆಯಲ್ಲಿ ಆ ವಿಷಯ ಓದಿದ್ದು ಸುಳ್ಳಲ್ಲ. ಆದರೆ ಹೇಗೆ ಓದಿದೆ ಎಂದು ಹೇಳಿರಲಿಲ್ಲ. ನಮ್ಮ ಸಭೆ ನಿಮಗೆ ಗೊತ್ತು. ಏಳನೇ ವಿಷಯಕ್ಕೆ ಬರುವ ಹೊತ್ತಿಗೆ ಅಡುಗೆಮನೆಯಿಂದ ಸೂಪಿನ ವಾಸನೆ ಬಂದಿರುತ್ತದೆ, ಚಮಚದ ಸದ್ದು ಶುರುವಾಗಿರುತ್ತದೆ. ಹೊಣೆಮುಕ್ತಿಗೆ ಕೈ ಎತ್ತಿದ ಮೇಲೆಯೇ ಸೂಪು. ಅದು ಗೊತ್ತಿದ್ದೇ ಆ ಸಾಲನ್ನು ಅಲ್ಲಿಟ್ಟೆ. ತಲೆ ಬಗ್ಗಿಸಿ, ಉಸಿರು ತೆಗೆದುಕೊಳ್ಳದೆ ಓದಿದೆ. ಇನ್ನೂರು ಕೈ ಮೇಲೆದ್ದವು. ನಡಾವಳಿಯ ಪ್ರತಿ ಕಳಿಸಿದ್ದೇನೆ.

ಈಗ ಅದರ ಫಲ. ಛಾವಣಿಗೆ ಬೇಕಾದದ್ದು ಇಪ್ಪತ್ತು ಲಕ್ಷ. ಹದಿನಾಲ್ಕು ಲಕ್ಷ ಕೊಡಲು ರಾಜ್ಯ ಸರ್ಕಾರ ಒಪ್ಪಿದೆ, ಆದರೆ ಸಂಘದ ಪಾಲು ಆರು ಲಕ್ಷ ಏಪ್ರಿಲ್ 30ರೊಳಗೆ ಕೈಯಲ್ಲಿರಬೇಕು. ನಮ್ಮಲ್ಲಿರುವುದು ನಾಲ್ಕು ಲಕ್ಷ ಇಪ್ಪತ್ತೆಂಟು ಸಾವಿರ. ಒಂದು ಲಕ್ಷ ಎಪ್ಪತ್ತೆರಡು ಸಾವಿರ ಕಡಿಮೆ ಬೀಳುತ್ತದೆ. ಅದು ಸಿಗದಿದ್ದರೆ ಹದಿನಾಲ್ಕು ಲಕ್ಷವೂ ಇಲ್ಲ. ಹಳೆಯ ಛಾವಣಿಯ ಕೆಳಗೆ ಜನರನ್ನು ಬಿಡಲು ಇರುವ ಪರವಾನಗಿ ಈ ಅಕ್ಟೋಬರಿಗೆ ಮುಗಿಯುತ್ತದೆ.

ಒಂದು ಮರಿಗಾಗಿ ಮನೆಯನ್ನೇ ಕಳೆದೆನೇನೋ. ಮಾರ್ಚ್ 16ರ ಸಭೆಯಲ್ಲಿ ರಾಜೀನಾಮೆ ಕೊಡುತ್ತೇನೆ.

ಗೆರ್ವಿನ್


ಹಾರ್ಟೆನ್‌ಬ್ರೂಕ್, ಹಿಲ್ಕೆಯ ಬೇಕರಿಯ ಮೇಲಿನ ಕೋಣೆ
2 ಮಾರ್ಚ್ 2024

ಗೆರ್ವಿನ್,

ರಾಜೀನಾಮೆ ಜೇಬಿನಲ್ಲೇ ಇರಲಿ. ಮೊದಲು ನನ್ನದು ಕೇಳು.

ನಿನ್ನ ಪತ್ರ ಬಂದ ದಿನ ಕಳೆದ ವರ್ಷದ ಸಭೆಯ ವರದಿ ಇದ್ದ ಪತ್ರಿಕೆಯನ್ನು ಪೆಟ್ಟಿಗೆಯಿಂದ ತೆಗೆದೆ. ಎಲ್ಲ ಕತ್ತರಿಸಿ ಇಡುವ ಚಾಳಿ ನನ್ನದು. ಅದರಲ್ಲಿ ಒಂದು ಚಿತ್ರ: 'ಸಂಘದ ಮಂಡಳಿಗೆ ಒಮ್ಮತದ ಹೊಣೆಮುಕ್ತಿ.' ಮೊದಲ ಸಾಲು, ಎಡದಿಂದ ಮೂರನೆಯವಳು, ಹಸಿರು ಶಾಲು. ಕೈ ಎಲ್ಲರಿಗಿಂತ ಎತ್ತರದಲ್ಲಿದೆ. ಮುಖ ನಿನ್ನ ಕಡೆಗಿಲ್ಲ, ಕಿಟಕಿಯ ಕಡೆಗಿದೆ.

ಆಗ ನೆನಪಾಯಿತು. ಆ ಕಿಟಕಿಯಿಂದ ಬಿಸಿಮನೆಯ ಗಾಜಿನೊಳಗೆ ಆವಿ ಏರುವುದು ಕಾಣುತ್ತಿತ್ತು. ಆ ಆವಿಯ ಹಿಂದೆ, ಯಾರೂ ಹೇಳದಿದ್ದರೂ, ಮಣ್ಣಿನ ಗೋಡೆಯೊಳಗೆ ಮಾರ್ಗಾ ಕೂತಿದ್ದಳು. ನಾನು ಅದನ್ನೇ ನೋಡುತ್ತ, 1963 ಎಂದುಕೊಳ್ಳುತ್ತ, ಕೈ ಎತ್ತಿದೆ. ಹೊಟ್ಟೆಯೂ ಹಸಿದಿತ್ತು. ಅರವತ್ತು ವರ್ಷದ ಹಿಂದಿನ ಹಳದಿ ಹಕ್ಕಿ ನೆನಪಿದ್ದವಳಿಗೆ ಜೂನಿನಲ್ಲಿ ನಿನಗೆ ಬರೆಯುವಾಗ ಮೂರು ತಿಂಗಳ ಹಿಂದೆ ಎತ್ತಿದ ತನ್ನ ಕೈ ನೆನಪಿರಲಿಲ್ಲ. ಆ ಚಿತ್ರ ನಿನ್ನ ಹತ್ತಿರವೂ ಇತ್ತು, ಅಲ್ಲವೇ? ನಾನು ನಿನ್ನನ್ನು ಕಳ್ಳ ಎಂದಾಗ ಅದನ್ನು ಕಳಿಸಬಹುದಿತ್ತು. ಕಳಿಸಲಿಲ್ಲ. ಇನ್ನು ಮತ್ತೆಂದೂ ನಿನ್ನನ್ನು 'ನೀವು' ಎನ್ನುವುದಿಲ್ಲ.

ಮೂರು ವಾರದಿಂದ ಇಲ್ಲಿದ್ದೇನೆ. ಮತ್ತೆ ಬಾಗಿಲು ತಟ್ಟುತ್ತಿದ್ದೇನೆ, ಈ ಸಲ ಮಾರಲು ಅಲ್ಲ, ಒಪ್ಪಿಕೊಳ್ಳಲು. ಮೊದಲು ಹೋದದ್ದು ಟೀಡೆನ್ ಅವರ ಮನೆಗೆ. ನಡೆದದ್ದನ್ನೆಲ್ಲ ಹೇಳಿ ಕಿವಿ ಮುಂದೆ ಮಾಡಿದೆ.

"ಅಂದ್ರೆ ನನ್ನ ಹೆಂಡ್ತಿ ಕಲ್ಲು ಛಾವಣಿಗೆ ಹೋಗ್ಲಿಲ್ಲ," ಎಂದರು.

"ಇಲ್ಲ. ಬೆಂಕಿಗೆ ಹೋಯ್ತು."

"ಒಳಗೆ ಕೂತ ಆ ಹಕ್ಕಿಗೆ ಬೆಚ್ಚಗಿತ್ತಾ?"

"ಇಪ್ಪತ್ತನಾಲ್ಕು ಡಿಗ್ರಿ."

ಗೋಡೆಯ ಮೇಲಿನ ಎರಡು ಚೀಟಿಗಳನ್ನು ನೋಡಿದರು. "ಅವಳು ಇದ್ದಿದ್ರೂ ಅಲ್ಲಿಗೇ ಹಾಕು ಅಂತಿದ್ಲು. ಆದ್ರೆ ಕೇಳ್ಬೇಕಿತ್ತು, ಟೀಚರಮ್ಮ. ನೀವೂ ಕೇಳ್ಬೇಕಿತ್ತು, ಅವರೂ ಕೇಳ್ಬೇಕಿತ್ತು." ಕಿವಿ ಹಿಂಡಲಿಲ್ಲ. ಹಿಂಡಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಉಳಿದ ಹೊತ್ತು ನಗರಸಭೆಯ ದಾಖಲೆ ಕೋಣೆಯಲ್ಲಿ ಕಳೆದೆ. 1963ರಲ್ಲಿ ಶಾಲೆಯಲ್ಲಿ ನಮಗೆ ಓದಿ ಹೇಳಿದ ಒಂದು ಕಾಗದ ಇತ್ತೆಂಬ ನೆನಪು. ನನ್ನ ನೆನಪಿನ ಮೇಲೆ ನನಗೇ ನಂಬಿಕೆ ಹೋಗಿತ್ತಾದ್ದರಿಂದ, ಸಿಗುವವರೆಗೆ ಯಾರಿಗೂ ಹೇಳಲಿಲ್ಲ. ಹದಿನೇಳನೇ ಕಟ್ಟಿನಲ್ಲಿ ಸಿಕ್ಕಿತು. ಆ ಚಳಿಗಾಲದ ಫೆಬ್ರವರಿ 11ರ ನಗರಸಭೆಯ ನಿರ್ಣಯ. ಎರಡೇ ಸಾಲು: 'ಉದ್ಯಾನದ ಬಿಸಿಮನೆಯಲ್ಲಿ ಜೀವ ಇರುವಷ್ಟು ಕಾಲ ಅಲ್ಲಿನ ಬೆಂಕಿ ಆರದಂತೆ ನೋಡಿಕೊಳ್ಳುವುದು ಊರಿನ ಹೊಣೆ. ಸಂಘಕ್ಕೆ ಸಾಧ್ಯವಾಗದಾಗ ನಗರಸಭೆ ಭರಿಸತಕ್ಕದ್ದು.' ಕೆಳಗೆ ಮೇಯರ್ ಸಹಿ. ಬೆರಳಿನ ಕಪ್ಪು ಗುರುತೂ ಇದೆ. ಇದ್ದಿಲಿನದೇ ಇರಬೇಕು ಎಂದುಕೊಂಡೆ. ಆ ನಿರ್ಣಯವನ್ನು ಇಲ್ಲಿಯವರೆಗೆ ಯಾರೂ ರದ್ದುಮಾಡಿಲ್ಲ. ದಾಖಲೆಯವರಿಂದ ಅದನ್ನೂ ಬರೆಸಿಕೊಂಡಿದ್ದೇನೆ.

ಕಾಗದ ಕೈಯಲ್ಲಿ ಹಿಡಿದಾಗ ಮರಿ ನೆನಪಾಯಿತು. ತಾನು ಕಾಣದ ಬಾಗಿಲನ್ನು ಮುಚ್ಚಲು ಅದಕ್ಕೆ ಯಾರೂ ಕಲಿಸಲಿಲ್ಲ. ನಮಗೆ ಕಲಿಸಿದ್ದರು, ಬರೆದೂ ಇಟ್ಟಿದ್ದರು, ಆದರೂ ಮರೆತೆವು.

ಹದಿನಾರರಂದು ಏಳನೇ ವಿಷಯ ನೀನು ಓದು. ತಲೆ ಎತ್ತಿ ಓದು, ನಿಧಾನವಾಗಿ ಓದು. ಅಡುಗೆಮನೆಯ ಬಾಗಿಲು ಹಾಕಿರಲು ಉಬ್ಬೋಗೆ ಹೇಳಿದ್ದೇನೆ. ನೀನು ಮುಗಿಸಿದ ಮೇಲೆ ನಾನು ಎದ್ದು ನಿಂತು ಓದುವುದು ಇದನ್ನು. ಇದರ ಪ್ರತಿ ಇವತ್ತೇ ಪತ್ರಿಕೆಗೂ ಹೋಗುತ್ತಿದೆ:

'ನಾನೂರ ಹನ್ನೆರಡು ಮನೆಯವರೇ, ನಿಮಗೆ ಕೊಟ್ಟ ಮಾತು ತಪ್ಪಿದೆ. ತಪ್ಪಿದ ದಿನ ಅದಕ್ಕೆ ಕೈ ಎತ್ತಿದವಳು ನಾನೂ ಹೌದು. ಈ ಖಜಾಂಚಿಯನ್ನು ಕೇಳಬೇಕಾದದ್ದನ್ನು ಕೇಳಿ, ನನ್ನನ್ನೂ ಕೇಳಿ. ನಾವಿಬ್ಬರೂ ಇಲ್ಲೇ ನಿಂತಿರುತ್ತೇವೆ.

ಮಾನ್ಯ ಮೇಯರ್ ಅವರೇ, ಪ್ರತಿ ವರ್ಷ ನೀವು ಮೊದಲ ಸಾಲಿನಲ್ಲಿ ಕೂತು, ಸೂಪು ಕುಡಿದು, ನಮ್ಮ ಉದ್ಯಾನ ಊರಿನ ಹೆಮ್ಮೆ ಎಂದು ಹೇಳಿ ಹೋಗುತ್ತೀರಿ. 2022ರ ಡಿಸೆಂಬರ್ 9ರಂದು ನಿಮ್ಮ ಕಚೇರಿ ಒಂದು ಜಾಮೀನು ಸಹಿಯನ್ನು ನಿರಾಕರಿಸಿ, ಅದನ್ನು ಸದಸ್ಯರಿಂದ ಮುಚ್ಚಿಡಲು ಹೇಳಿತು. ಊರಿನ ಹೊಣೆಯೆಂದು 1963ರಿಂದ ಬರೆದಿಟ್ಟ ಬೆಂಕಿಯನ್ನು ಬಡವರ ಅಡುಗೆಮನೆಯ ಚೀಟಿಗಳು ಉರಿಸಿದವು. ಆ ನಿರ್ಣಯ ಇನ್ನೂ ಜಾರಿಯಲ್ಲಿದೆಯೇ, ಇಲ್ಲವೇ? ಇದ್ದರೆ ನಗರಸಭೆ ಕೊಡಬೇಕಾದ ಒಂದು ಲಕ್ಷ ಎಂಬತ್ತನಾಲ್ಕು ಸಾವಿರ ಯೂರೋ ಏಪ್ರಿಲ್ 30ರೊಳಗೆ ಛಾವಣಿ ನಿಧಿಗೆ ಮರಳುತ್ತದೆಯೇ? ಇಲ್ಲದಿದ್ದರೆ ಅದನ್ನು ಯಾರು, ಯಾವ ದಿನ, ಯಾರನ್ನು ಕೇಳಿ ರದ್ದುಮಾಡಿದರು?

ಕಚೇರಿಗೆ ಹೋಗಿ ಬರೆಯುತ್ತೇನೆ ಎನ್ನಬೇಡಿ. ಇಲ್ಲಿ, ಎಲ್ಲರೆದುರು, ಸೂಪು ಬಡಿಸುವ ಮೊದಲು ಉತ್ತರ ಕೊಡಿ.'

ಅಲ್ಮೂಟ್ ವೆಸ್ಸೆಂಡೋರ್ಪ್